ನಡುಗೋಡೆಯ ತೂತು

ಮೊನ್ನೆ ಬಣ್ಣ ಹೊಡೆಸಲು ಬೀರು ಸರಿಸಿದಾಗ ನಡುಗೋಡೆಯ ತೂತು ಕಣ್ಣಿಗೆ ಬಿತ್ತು. ನಾನೇ ತುರುಕಿದ್ದ ಹಳೆಯ ಸೀರೆಯ ಚೂರನ್ನು ಪೇಂಟರು ಎಳೆದರು. ಆ ಕಡೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ನುಗ್ಗಿತು. ನನ್ನ ವಾರಗಿತ್ತಿ ಗಿರಿಜೆಯ ಕೈಯ ಒಗ್ಗರಣೆ. ಅದು ಹೀಗೆ ನೇರ ಮೂಗಿಗೆ ಬಂದು ಎಷ್ಟೋ ವರ್ಷವಾಗಿತ್ತು.

"ಸಿಮೆಂಟ್ ಕಲಸೀನಿ, ಮುಚ್ಚಿಬಿಡ್ಲೇನಮ್ಮ?" ಎಂದರು ಪೇಂಟರು.

"ವಸಿ ತಡೀರಿ."

ಹಿರಿಯೂರಿನ ಈ ಮನೆಯನ್ನು ನಮ್ಮವರೂ ಗಿರಿಜೆಯ ಗಂಡನೂ, ಅಣ್ಣತಮ್ಮಂದಿರು, ನಡುವೆ ಗೋಡೆ ಎಬ್ಬಿಸಿ ಜಗಳವಿಲ್ಲದೆ ಹಂಚಿಕೊಂಡಿದ್ದರು. ನಮ್ಮವರು ಶನಿವಾರದ ಭಜನೆಯ ಮುಂದಾಳು. ಕೊರಳು ಚೆನ್ನಾಗಿತ್ತು, ತಾಳವನ್ನು ಮಾತ್ರ ದೇವರೇ ಕ್ಷಮಿಸಬೇಕಿತ್ತು. ಯಾರೋ ಮಾರಿದ ಹಳೆಯ ಕಂಪ್ಯೂಟರ್ ತಂದು, ಎರಡು ಸ್ಪೀಕರ್ ಕಟ್ಟಿ, ಕ್ಯಾಸೆಟ್ಟಿನಲ್ಲಿದ್ದ ತಮ್ಮ ಹಾಡುಗಳನ್ನೆಲ್ಲ ಅದಕ್ಕೆ ತುಂಬಿಸಿದರು. ಬೇರೆ ಕೆಲಸವೇ ಇಲ್ಲ ಅದಕ್ಕೆ, ಬರೀ ಹಾಡುವುದು. ಪೂಜೆಯ ಹೂವು ಮಿಕ್ಕರೆ ಅದರ ತಲೆಗೂ ಒಂದು ಇಡುತ್ತಿದ್ದೆ. ನಗಬೇಡಿ. ಬೂಸ್ಟು ಹಿಡಿದವೆಂದು ಆ ಕ್ಯಾಸೆಟ್ಟುಗಳನ್ನು ಎಸೆದ ಜಾಣೆಯೂ ನಾನೇ.

ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ಮಲಗಿ ನರಳಲಿಲ್ಲ, ಅಷ್ಟು ಪುಣ್ಯ. ವರ್ಷದ ಕಾರ್ಯ ಮುಗಿದ ಮೇಲೆ ಮೈದುನ ಬಂದು ಹೊಸ್ತಿಲಲ್ಲೇ ನಿಂತ.

"ಅತ್ತಿಗೇ, ನಮ್ಮನೆ ಕಂಪ್ಯೂಟ್ರಿಗೂ ಇಲ್ಲಿಂದ ಒಂದು ವೈರು ಎಳಸಾಣ. ಅಣ್ಣನ ದನಿ ಅಲ್ಲೂ ಕೇಳ್ತೈತಂತೆ."

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ರಿಪೇರಿಯವರು ಬಂದು ಗೋಡೆ ಕೊರೆದು, ನೀಲಿ ವೈರು ತೂರಿಸಿ, ನನ್ನನ್ನು ಕೇಳಿದರು: "ಹಾಡು ಇಲ್ಲೇ ಇರ್ತವೆ ಅಕ್ಕಾರೇ. ಆ ಕಡೆಯೋರು ಬರೀ ಕೇಳಿದ್ರೆ ಸಾಕಾ, ಇಲ್ಲಾ ಹಾಕೋದು ತೆಗೆಯೋದಕ್ಕೂ ಬಿಡ್ಲಾ?"

"ನನ್ನ ಸಕ್ಕರೆ ಡಬ್ಬಿಗೇ ಕೈ ಹಾಕೋಳು ಅವಳು, ಇದಕ್ಕೇನು ಬೀಗ? ಎಲ್ಲಾ ಬಿಡ್ರಿ."

"ನೋಡ್ರಿ ಮತ್ತೆ," ಎಂದು ಎರಡು ಸಲ ಹೇಳಿದರು. ಕಾಫಿ ಕೊಟ್ಟು ಕಳಿಸಿದೆ.

ಮುಂದೆ ಗಿರಿಜೆಯ ಮಗಳಿಗೆ ತುರುವನೂರಿನ ಸಂಬಂಧ ಕೂಡಿತು. ಬೀಗರು ಬರುವ ದಿನ ಬೆಳಿಗ್ಗೆ, ಶುಭಕಾರ್ಯದ ಮನೆಯಲ್ಲಿ ಸತ್ತವರ ದನಿ ಬೇಡವೆಂದು, ಗಿರಿಜೆ ತನ್ನ ಕಂಪ್ಯೂಟರಿನಲ್ಲಿ ಕಾಣುತ್ತಿದ್ದ ಹಾಡುಗಳನ್ನು ಒಟ್ಟಿಗೆ ಅಳಿಸಿದಳು. ತನ್ನಲ್ಲಿ ಕಂಡದ್ದು ತನ್ನದೇ ಪ್ರತಿ ಅಂದುಕೊಂಡಿದ್ದಳು. ಅಳಿಸಿಹೋದದ್ದು ನನ್ನ ಮನೆಯಲ್ಲಿ. ವೈರಿನಿಂದ ಅಳಿಸಿದ್ದು ಕಂಪ್ಯೂಟರಿನ ಕಸದ ಬುಟ್ಟಿಗೂ ಬೀಳುವುದಿಲ್ಲವಂತೆ.

ಆ ಹೊತ್ತಿಗೆ ನಾನು ದೇವರ ಮುಂದೆ ಕೂತು ಒಂದು ಹಾಡು ಕೇಳುತ್ತಿದ್ದೆ. ಹಾಡುತ್ತಿರುವುದನ್ನು ಅಳಿಸಲು ಯಂತ್ರ ಬಿಡುವುದಿಲ್ಲವಂತೆ, ಅದೊಂದು ಉಳಿಯಿತು. ಇದ್ದುದರಲ್ಲೆಲ್ಲ ಕೆಟ್ಟದ್ದು. ನಡುವೆ ಕೆಮ್ಮು ಬಂದು ಹಾಡು ನಿಲ್ಲುತ್ತದೆ. "ಲೇ, ಒಂದ್ಲೋಟ ನೀರು ತಾರೇ," ಎನ್ನುತ್ತಾರೆ. ದೂರದಿಂದ ನಾನು, "ಬಂದೆ," ಎನ್ನುತ್ತೇನೆ. ನೀರು ತಂದುಕೊಟ್ಟದ್ದು ಅದರಲ್ಲಿಲ್ಲ. ನಮ್ಮೂರ ದೇವರು ತೇರುಮಲ್ಲೇಶ್ವರ ಇಷ್ಟನ್ನಾದರೂ ಉಳಿಸಿದ.

"ನಮ್ಮನೇದು ಅಂದ್ಕಂಡೆ ಅಕ್ಕ, ನಂಗೇನು ಗೊತ್ತು," ಎಂದು ಗಿರಿಜೆ ನನ್ನ ಕಾಲು ಹಿಡಿದಳು.

"ಇನ್ನೊಂದು ಸಲ ಸಾಯ್ಸಿದೆ ಅವರನ್ನ," ಎಂದುಬಿಟ್ಟೆ.

ವೈರು ಕಿತ್ತು ತೂತಿಗೆ ಬಟ್ಟೆ ತುರುಕಿದೆ. ಅವಳ ಮಗಳ ಮದುವೆಗೆ ಹೋಗಿ ಎಲೆಯ ಮುಂದೆ ಕೂರದೆ ಬಂದೆ. ಅವಳು ಅಂದಿನಿಂದ ನನ್ನೆದುರು ತಲೆ ಎತ್ತಲಿಲ್ಲ. ರಿಪೇರಿಯವರು ನನ್ನನ್ನು ಕೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ದಿನಾ ದೀಪ ಹಚ್ಚುತ್ತೇನೆ; ದೇವರಿಗೂ ಹೇಳಲಿಲ್ಲ.

ತೂತಿನಾಚೆ ಸೌಟಿನ ಸದ್ದು ನಿಂತಿತು. "ಅಕ್ಕಾ, ಮುಚ್ಚಿಸ್ತಿದೀರಾ?"

ಗೋಡೆಗೆ ಬಾಯಿ ಹತ್ತಿರ ತಂದೆ. "ಗಿರಿಜಾ, ಆ ಕಡೆಯೋರಿಗೆ ತೆಗೆಯೋಕೂ ಬಿಡ್ಲಾ ಅಂತ ವೈರಿನೋರು ಅವತ್ತು ಕೇಳಿದ್ರು. ಎಲ್ಲಾ ಬಿಡ್ರಿ ಅಂದೋಳು ನಾನೇ ಕಣೆ."

ಆ ಕಡೆಯಿಂದ ಒಗ್ಗರಣೆ ಸೀದ ವಾಸನೆ ಬಂತು.

"ಸಿಮೆಂಟ್ ಬಾಂಡ್ಲೀಲೇ ಗಟ್ಟಿಯಾಗ್ತೈತ್ರಮ್ಮ," ಎಂದರು ಪೇಂಟರು.

"ಆಗ್ಲಿ ಬಿಡ್ರಿ," ಎಂದೆ.