ಹುಳದ ಮನೆಯಲ್ಲಿ ನೀರಿನ ಸ್ಕೂಟರ್

ಕಾಲೇಜ್ ಬಿಟ್ಟವನಿಗೆ ಇಂಜಿನ್ ಏನ್ ಗೊತ್ತು ಅಂತ ತಾನೆ ನಿಮ್ಮ ನಗು? ನಗ್ರಿ. ತಾಯಲೂರಲ್ಲಿ ನೀರಿನ ಮೇಲೆ ಓಡೋ ಸ್ಕೂಟರ್ ಸ್ಟಾರ್ಟ್ ಮಾಡಿದ್ದು ನಾನೇ.

ಲಾರಿ ಓಡಿಸೋ ನಮ್ಮೂರ ಮುನಿಯಪ್ಪಣ್ಣ ಮದ್ರಾಸಲ್ಲಿ ಟೊಮ್ಯಾಟೊ ಇಳಿಸಿ ವಾಪಸ್ ಬರ್ತಾ ಅದನ್ನ ಯಾವ್ದೋ ಗುಜರಿಯಿಂದ ಲಾರೀಲಿ ತಂದಿದ್ದ. ಕೆರೇಲಿ ನೀರಿಲ್ದೆ ಅದು ವರ್ಷಗಟ್ಲೆ ರೇಷ್ಮೆ ಹುಳ ಸಾಕೋ ಮನೆ ಮೂಲೇಲಿ ಬಿದ್ದಿತ್ತು. ಆ ಸಲ ಕೆರೆ ತುಂಬಿ ಕೋಡಿ ಹೋಯ್ತು, ಅಣ್ಣಂಗೆ ಸವಾರಿ ಆಸೆ ಹುಟ್ತು.

"ಆಚೆ ತಳ್ಕೊಂಡ್ ಹೋಗಿ ನೋಡೋಣ ಅಣ್ಣ," ಅಂದೆ.

"ಲೇ, ಸ್ಟಾರ್ಟ್ ಆಗ್ದಿದ್ರೆ ಊರೆಲ್ಲ ನಗ್ತದೆ ಕಣೋ. ನಮ್ಮನೆಯೋಳು ಹುಳಕ್ಕೆ ಸೊಪ್ಪು ಕೊಯ್ಯಕ್ ಹೋಗವ್ಳೆ, ಅಷ್ಟರಲ್ಲಿ ಇಲ್ಲೇ ಮುಗ್ಸು," ಅಂತ ಕಿಟಕೀನೂ ಮುಚ್ಚಿದ.

ಕಾರ್ಬೊರೇಟರ್‌ ಒಳಗೆ ಜೇಡ ಸಂಸಾರ ಹೂಡಿತ್ತು. ಅದನ್ನ ತೊಳ್ದೆ, ಪ್ಲಗ್ ಉಜ್ಜಿದೆ, ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿ ಲಾರಿ ಬ್ಯಾಟರಿ ಕೊಟ್ಟೆ. ಕೆಮ್ತು, ಉಗುಳ್ತು, ಆಮೇಲೆ ಗುಡುಗೇಬಿಡ್ತು. ಅಣ್ಣ ಕುಣಿದ. ಹುಳದ ಮನೆ ತುಂಬ ನೀಲಿ ಹೊಗೆ.

ಸೊಪ್ಪಿನ ಮಂಕ್ರಿ ಹೊತ್ತು ಅವನ ಹೆಂಡ್ತಿ ರತ್ನಕ್ಕ ಬಾಗಿಲಲ್ಲಿ ನಿಂತಿದ್ಲು. ಹುಳಕ್ಕೆ ವಾಸನೆ ಆಗಲ್ಲ ಅಂತ ದೇವರಿಗೂ ಊದುಬತ್ತಿ ಹಚ್ಚದ ಹೆಂಗಸು.

"ಅಯ್ಯೋ ದೇವುಡಾ! ನಾಳೆ ಗೂಡು ಕಟ್ಟೋ ಹುಳ ಕಣ್ರೀ!"

ಇಂಜಿನ್ ಆಫ್ ಮಾಡ್ದೆ. ಸದ್ಯ, ಹುಳಗಳು ಇನ್ನೂ ತಲೆ ಆಡಿಸ್ತಿದ್ವು. ಹುಳದ ತಟ್ಟೆ ಹಿಡಿಯಕ್ ಹೋದ್ರೆ, "ಪೆಟ್ರೋಲ್ ಕೈ ತಗಿಯೋ, ದೊಡ್ಡ ಇಂಜಿನಿಯರ್ರು!" ಅಂತ ಗದರಿಸಿ, ಒಂದೊಂದೇ ತಟ್ಟೆ ತಾನೇ ವಾಸದ ಮನೆಗೆ ಸಾಗಿಸಿದ್ಲು. ಅಣ್ಣ ಸ್ಕೂಟರ್ ಮೇಲೇ ಕೂತು ಹಲ್ಲು ಕಿರೀತಿದ್ದ.

ಕೊನೇ ತಟ್ಟೆ ಎತ್ಕೊಂಡು ರತ್ನಕ್ಕ ಅಂದ್ಲು: "ಹುಳಾನೆಲ್ಲ ನಿಮ್ಮ ಮಂಚದ ಮೇಲೆ ಇಟ್ಟಿದೀನಿ. ನೀವು ಇಳೀಬೇಡಿ, ಇವತ್ತು ಆ ಸ್ಕೂಟರ್ ಮೇಲೇ ಮಲ್ಕೊಳ್ಳಿ."

ಮನೆಗೆ ಹೋಗಿ ಒಳಗಿಂದ ಬಾಗಿಲು ಹಾಕ್ಕೊಂಡ್ಲು.