ಥೇಮ್ಸಿಗೆ ಬಿಟ್ಟ ಗ್ರೀಕ್ ದೇವಿ

ಅರ್ಕಾದಿ ಕೆತ್ತಿದ ದೇವಿ ಉಡುಪಿಯಲ್ಲಿಲ್ಲ. ಯಾವತ್ತೂ ಇರಲಿಲ್ಲ. ಅವಳನ್ನು ನಾನೇ, ಕೈಯಾರೆ, ಥೇಮ್ಸ್ ನದಿಗೆ ಬಿಟ್ಟೆ — ಅದೂ ಕುಂಕುಮ ಹಚ್ಚಿ, ಹೂವಿಟ್ಟು, ಕೈಮುಗಿದು. ಹೂವಿಟ್ಟೆ ಎಂದು ಹೇಳಿಕೊಂಡು ಒಂದಿಷ್ಟು ಪುಣ್ಯ ಗಿಟ್ಟಿಸುವ ಆಸೆ ಈಗಲೂ... ಇರಲಿ, ಮೊದಲಿನಿಂದ ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ಲಂಡನ್ನಿನ ಈಸ್ಟ್ ಹ್ಯಾಮ್‌ನ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವನು ಅರ್ಕಾದಿ. ರಷ್ಯಾದ ಶಿಲ್ಪಿ. ಹಗಲೆಲ್ಲ ಯಾರದೋ ಬಾತ್‌ರೂಮಿಗೆ ಟೈಲ್ಸ್ ಕೂರಿಸುತ್ತಿದ್ದ; ಉಳಿದ ಹೊತ್ತು ನಮ್ಮ ಹಿತ್ತಲ ಶೆಡ್ಡಿನಲ್ಲಿ ಕಲ್ಲು ಕೆತ್ತುತ್ತಿದ್ದ. ಹಳೆಯ ಗ್ರೀಕರ ದೇವದೇವಿಯರೆಂದರೆ ಅವನಿಗೆ ಹುಚ್ಚು. ನಮ್ಮವರು ತಾವು ಕೆಲಸ ಮಾಡುವ ಹೋಟೆಲಿನಿಂದ ತಂದ ದೋಸೆ ತಿನ್ನುತ್ತ, ಆ ದೇವತೆಗಳ ಜಗಳ, ಮದುವೆ, ಮುನಿಸುಗಳನ್ನೆಲ್ಲ ನೆಂಟರ ಮನೆಯ ಸುದ್ದಿಯಂತೆ ಹೇಳುತ್ತಿದ್ದ.

ಮಗಳು ಹುಟ್ಟಿದಾಗ ನನ್ನ ಕೈಗೊಂದು ಅಮೃತಶಿಲೆಯ ಮೂರ್ತಿ ಕೊಟ್ಟ. ಲಂಡನ್ನಿಗೆ ಬಂದ ಮೇಲೆ ಅವನು ಕೆತ್ತಿದ ಮೊದಲ ಮೂರ್ತಿ. "ಆರ್ಟೆಮಿಸ್. ಬಾಣಂತಿಯನ್ನೂ ಮಗುವನ್ನೂ ಕಾಯುವವಳು," ಎಂದ. ತಲೆ ಇಲ್ಲ, ಕೈಗಳಿಲ್ಲ. ನೆಲ ಅಗೆದು ತೆಗೆದ ಹಳೆಯ ವಿಗ್ರಹಗಳು ಹಾಗೇ ಸಿಗುತ್ತವಂತೆ. ಬೇಕೆಂದೇ ಹಾಗೆ ಮಾಡಿದ್ದ. ಖುಷಿಯಿಂದಲೇ ಅವಳನ್ನು ಟಿವಿಯ ಪಕ್ಕ ಕೂರಿಸಿದೆ.

ಬಾಣಂತನಕ್ಕೆಂದು ಕುಂದಾಪುರದಿಂದ ಅತ್ತೆ ಬಂದರು. ಮೂರ್ತಿ ನೋಡಿದವರೇ ಎದೆಗೆ ಕೈಯಿಟ್ಟುಕೊಂಡರು. "ಅಯ್ಯೋ ಮಾರಾಯ್ತಿ, ತಲೆ ಇಲ್ದಿದ್ ದೇವ್ರನ್ನ ಮನಿಯೊಳ್ಗ್ ಇಟ್ಕಂಡಿದ್ಯಲೇ! ಸಣ್ ಶಿಶು ಇಪ್ಪು ಮನಿ. ಮೊದ್ಲ್ ಹೊಳಿಗ್ ಬಿಟ್ಟ್ ಬಾ."

ಭಿನ್ನವಾದ ಮೂರ್ತಿ ಮನೆಯಲ್ಲಿರಬಾರದೆಂದು ನಾನೂ ಕೇಳಿ ಬೆಳೆದವಳೇ. ಆ ವಾರವೇ ಮಗಳಿಗೆ ಜ್ವರ ಬಂತು — ಅಷ್ಟು ಸಾಕಾಯಿತು. ಅರ್ಕಾದಿ ಕೆಲಸಕ್ಕೆ ಹೋದದ್ದು ನೋಡಿ, ದೇವಿಯನ್ನು ಮಗಳ ತಳ್ಳುಗಾಡಿಯಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಥೇಮ್ಸ್ ಕಡೆಗೆ ಹೋಗುವ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಮಗುವನ್ನು ನೋಡುವ ಅಕ್ಕರೆಯಿಂದ ಕಂಬಳಿ ಸರಿಸಿದಳು. ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು. ಈಗಲೂ ನಗು ಬರುತ್ತದೆ — ನಗಬಾರದು.

ಸಂಜೆ ಅರ್ಕಾದಿ ದೇವಿಯೆಲ್ಲಿ ಎಂದು ಕೇಳಿದ. "ಊರಿಗೆ ಹೊರಟವರ ಕೈಯಲ್ಲಿ ಉಡುಪಿಗೆ ಕಳಿಸಿದೆ. ಅಮ್ಮನ ಮನೆಯ ದೇವರಕೋಣೆಯಲ್ಲಿ ಇರುತ್ತಾಳೆ," ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅವನ ಕಣ್ಣು ತುಂಬಿತು.

"ದಿನಾ ಹೂವಿಡುತ್ತಾರಾ?"

"ದಿನಾ."

ಆಮೇಲೆ ಅವನ ದೆಸೆ ತಿರುಗಿತು. ಮೊದಲು ಸಣ್ಣ ಗ್ಯಾಲರಿಗಳು, ಆಮೇಲೆ ಕ್ಯಾನರಿ ವಾರ್ಫಿನ ಕಚೇರಿಯೊಂದರ ಮುಂದೆ ಆಳೆತ್ತರದ ಗ್ರೀಕ್ ವೀರ. ಹೊಸ ಶತಮಾನ ಬಂದ ಮೇಲೆ ಅವನದೇ ದೊಡ್ಡ ಪ್ರದರ್ಶನ. ಬಾಗಿಲಲ್ಲೇ ಒಂದು ಖಾಲಿ ಪೀಠ ಇಟ್ಟು, ಅದರ ಮೇಲೆ ಬರೆದಿದ್ದ: "ಈ ದೇವಿಗೆ ಭಾರತದಲ್ಲಿ ಪೂಜೆ ನಡೆಯುತ್ತಿದೆ." ಜನ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಅದರೆದುರು. "ಮ್ಯೂಸಿಯಂಗಳಲ್ಲಿ ಇಷ್ಟೊಂದು ದೇವರಿದ್ದಾರೆ, ಒಬ್ಬರಿಗೂ ಹೂವಿಲ್ಲ. ನನ್ನವಳೊಬ್ಬಳಿಗೆ ಇದೆ. ಶಿಲ್ಪಿಗೆ ಇನ್ನೇನು ಬೇಕು?" ಎಂದು ಭಾಷಣ ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು.

ನದಿಗೆ ಬಿಟ್ಟದ್ದು ಭಯದಿಂದ. ಆದರೆ ಆ ಚಪ್ಪಾಳೆ? ಅವನ ಗೆಲುವಿನಲ್ಲಿ ನನಗೂ ಪಾಲು ಬೇಕಿತ್ತು. ಪಕ್ಕದವರಿಗೆಲ್ಲ "ಅದು ನಮ್ಮಮ್ಮನ ಮನೆಯಲ್ಲೇ ಇರುವುದು" ಎಂದು ಹೇಳಿಕೊಂಡು ಓಡಾಡಿದೆ. ಅವನು ಎಲ್ಲಕ್ಕಿಂತ ಹೆಚ್ಚು ಹೆಮ್ಮೆಪಟ್ಟುಕೊಂಡದ್ದು ನನ್ನ ಸುಳ್ಳಿನ ಬಗ್ಗೆ — ಅದಕ್ಕೆ ನಾಚಿಕೆಯಾಗುತ್ತದೆ.

ಕಳೆದ ವಾರ ಅವನ ಫೋನ್ ಬಂತು. "ಸುಜಾ, ಉಡುಪಿಗೆ ಹೋಗುತ್ತಿದ್ದೇನೆ. ನನ್ನ ಕೈಯಿಂದಲೂ ಅವಳಿಗೊಂದು ಹೂವಿಡಬೇಕು. ನಿಮ್ಮಮ್ಮನ ಮನೆ ಎಲ್ಲಿ?"

ನಮ್ಮವರಿಗೆ ಹೇಳಿದರೆ, "ಕಾರ್ಕಳದ ಶಿಲ್ಪಿಗಳ್ ಹತ್ರ ಒಂದ್ ಮಾಡ್ಸುವಾ? ತಲೆ ಬ್ಯಾಡ ಅಂದ್ರೆ ಸಸ್ತಾ ಆತ್ತ್," ಎಂದರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಅಳು ಬಂತು.

ನಾಳೆ ಅವನನ್ನು ಊಟಕ್ಕೆ ಕರೆದಿದ್ದೇನೆ. ದೋಸೆ ತಿನ್ನಿಸಿ ಮೆತ್ತಗೆ ಮಾಡುವ ಉಪಾಯವೇನೂ ಇಲ್ಲ — ಬಾಗಿಲು ತೆಗೆದ ಕೂಡಲೇ ಹೇಳಿಬಿಡುತ್ತೇನೆ. ಕೋಪ ಬಂದರೆ ಅರ್ಕಾದಿ ರಷ್ಯನ್ನಿನಲ್ಲಿ ಬೈಯುತ್ತಾನೆ. ನನಗೆ ಒಂದಕ್ಷರವೂ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲೇ ಬೈಯಿ ಎಂದು ಕೇಳಿಕೊಳ್ಳುತ್ತೇನೆ.