ಇರುವೆ ಇಲ್ಲದ ಡಬ್ಬಿ

ನಮ್ಮ ಮನೆಯ ಇರುವೆಗಳ ಮೇಲೆ ನನಗಿದ್ದಷ್ಟು ಸಿಟ್ಟು ಇನ್ನಾರ ಮೇಲೂ ಇರಲಿಲ್ಲ, ಬೀಗತಿಯನ್ನು ಬಿಟ್ಟರೆ. ಪಂಚಮಿಗೆ ದುಮ್ಮವಾಡಕ್ಕೆ, ಮಗಳ ಗಂಡನ ಮನೆಗೆ, ಶೇಂಗಾ ಉಂಡಿ ಕಳಿಸಿದ್ದೆ. ಮುಚ್ಚಳ ತೆಗೆದರೆ ಇರುವೆಯೋ ಇರುವೆ! ಬೀಗತಿ ಉಂಡಿಗಳನ್ನು ಅಂಗಳದಲ್ಲಿ ಹರವಿ ಓಣಿಯವರನ್ನೆಲ್ಲ ಕರೆದು ತೋರಿಸಿದಳಂತೆ. ಈಗ ಮಗಳು ಏಳು ತಿಂಗಳ ಬಸುರಿ. ಸೀಮಂತದ ಕುಬಸಕ್ಕೆ ಮತ್ತೆ ಉಂಡಿಯ ಬುತ್ತಿ ಒಯ್ಯಬೇಕು. ಈ ಸಲ ಡಬ್ಬಿಯಲ್ಲಿ ಒಂದೇ ಒಂದು ಇರುವೆ ಕಂಡರೂ ನನ್ನ ಮಾನ ಉಳಿಯುತ್ತಿರಲಿಲ್ಲ.

ಸಂಶಿಯ ಗೊಬ್ಬರದ ಅಂಗಡಿಯವನು ಸಕ್ಕರೆಯಂಥ ಜೆಲ್ ಕಾಳು ಕೊಟ್ಟ. ಗಿಡದ ಬುಡದಲ್ಲಿ ನೀರು ಹಿಡಿದಿಡಲು ಹಾಕುತ್ತಾರಲ್ಲ, ಅವೇ.

"ಸಕ್ಕರಿ ನೀರಾಗ ಚೂರು ಬೋರಿಕ್ ಪುಡಿ ಕಲಸ್ರಿ ಅಕ್ಕಾರ, ಕೇರಂ ಬೋರ್ಡಿಗೆ ಹಾಕ್ತಾರಲ್ಲ ಅದು. ಅದರಾಗ ಇವನ್ನ ನೆನಿ ಇಡ್ರಿ, ಉಬ್ಬತಾವ. ಇರವಿ ಬಂದು ಹೀರಿ, ಗೂಡಿಗೆ ಒಯ್ದು ಎಲ್ಲಾವಕ್ಕೂ ಕುಡಸ್ತಾವ. ನಿಧಾನಕ್ಕ ವಂಶನ ಖಾಲಿ. ನೀವು ಮಾತ್ರ ಕೈ ತೊಳಕೋರಿ, ವಿಷ ಅದು."

ವಿಷ ಎಂಬ ಮಾತು ಕೇಳಿ ನನಗೆ ಹಿತವಾಯಿತು. ಆದರೆ ಇರುವೆ ಕೊಲ್ಲುತ್ತೇನೆಂದರೆ ನಮ್ಮ ಅತ್ತೆ ಊಟ ಬಿಟ್ಟು ಕೂರುವವರು. ಹಾಗಾಗಿ ಉಬ್ಬಿ ಪಳಪಳ ಹೊಳೆಯುವ ಕಾಳುಗಳನ್ನು ಗೋಡೆಗುಂಟ ಬಟ್ಟಲುಗಳಲ್ಲಿ ಇಡುತ್ತ ಹೇಳಿದೆ: "ಇವು ಇರವಿ ಬರದಂಗ ಕಾಯೂ ಮಣಿ ನೋಡ್ರಿ ಅತ್ತಿ."

ಇರುವೆಗಳು ಬಂದವು, ಮೂಸಿದವು, ಹೊರಟುಹೋದವು. ಮದುವೆಮನೆಯಲ್ಲಿ ಉಂಡು ಬಂದವರಿಗೆ ಮತ್ತೆ ತಾಟು ಹಾಕಿದ ಹಾಗಾಯಿತು. ಯಾಕೆಂದು ತಿಳಿಯದೆ ತಲೆ ಕೆಟ್ಟಿತು. ಕೊನೆಗೊಂದು ಮುಂಜಾನೆ ಹಿತ್ತಿಲಿಗೆ ಹೋದರೆ, ಪೂಜೆ ಮುಗಿಸಿದ ಅತ್ತೆ ಬೇವಿನ ಬುಡದ ಗೂಡಿಗೆ ಮುಷ್ಟಿಗಟ್ಟಲೆ ಸಕ್ಕರೆ ಸುರಿಯುತ್ತಿದ್ದರು.

"ಅತ್ತಿ! ದಿನಾ ಹಾಕ್ತೀರೇನು?"

"ಮತ್ತ ಉಪವಾಸ ಕೆಡವಲೇನು ಬೇ? ಅವೂ ಶಿವನ ಮಕ್ಕಳ ಅಲ್ಲೇನು? ನಿನ್ನ ಮಣಿ ಮಾತ್ರ ಅಗದಿ ಛಲೋ ಅದಾವ ನೋಡು. ಒಂದ ಇರವಿನೂ ಬಾಜೂಕ ಹೋಗವಲ್ದು!"

ಹಲ್ಲು ಕಚ್ಚಿ ಒಳಗೆ ಬಂದೆ. ಅತ್ತೆ ತುಂಬಿಕೊಟ್ಟ ಉಂಡಿಯ ಡಬ್ಬಿಯನ್ನು ನೀರಿನ ಪರಾತದ ನಡುವೆ ಇಟ್ಟು ನಾನೇ ಕಾವಲು ಕೂತೆ.

ಕುಬಸದ ದಿನ ಅತ್ತೆಯನ್ನು ಮನೆಯಲ್ಲಿ ಬಿಟ್ಟು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ದುಮ್ಮವಾಡಕ್ಕೆ ಹೋದೆ. ತುಂಬಿದ ಪಡಸಾಲೆಯಲ್ಲಿ ಬೀಗತಿ ಮುಚ್ಚಳ ತೆಗೆದು ಇಣುಕಿದಳು. ಒಂದೂ ಇರುವೆ ಇಲ್ಲ! ಅವಳ ಮೋರೆ ಸಣ್ಣದಾದದ್ದು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಮಗಳಿಗೊಂದು ಉಂಡಿ ಕೊಟ್ಟು, ಉಳಿದವನ್ನು ತಾಟಿಗೆ ತೆಗೆಯತೊಡಗಿದಳು.

ಡಬ್ಬಿಯ ತಳದಲ್ಲಿ ಒಂದು ಒದ್ದೆ ಗಂಟು ಕಂಡಿತು. ನಮ್ಮ ಅತ್ತೆಯ ಹಳೆಯ ಇಳಕಲ್ ಸೀರೆಯ ತುಂಡು. ಅದರ ಸಂದಿಯಲ್ಲಿ ಪಳಪಳ ಹೊಳೆಯುವ ಮಣಿಗಳು. ಇರುವೆ ಬಾರದಿರಲಿ ಎಂದು ಆ ಪುಣ್ಯಾತ್ಗಿತ್ತಿ ಕಾವಲಿಗೆ ಇಟ್ಟಿದ್ದಾರೆ!

ಮಗಳು ಬಾಯಿ ತೆರೆದಿದ್ದಳು. ಹಾರಿ ಹೋಗಿ ಉಂಡಿ ಕಿತ್ತುಕೊಂಡೆ. ಬುತ್ತಿಯಲ್ಲಿ ವಿಷ ತಂದಿದ್ದೇನೆಂದು ಬೀಗರ ಮುಂದೆ ಹೇಳಲಾದೀತೇ?

"ಇರವಿ!" ಎಂದು ಚೀರಿದೆ. "ಇರವಿ ಅದಾವ್ರಿ ಅದರಾಗ!"

ಬೀಗತಿ ಕಣ್ಣು ಕಿರಿದು ಮಾಡಿ ತಾಟಿನ ಉಂಡಿಗಳಲ್ಲಿ ಹುಡುಕಿದಳು. "ಎಲ್ಲೆದಾವ್ರಿ? ಒಂದೂ ಕಾಣವಲ್ದು."

"ಅದಾವ್ರಿ! ಭಾಳ ಸಣ್ಣವು, ನಿಮಗ ಕಾಣಂಗಿಲ್ಲ!"

"ಇರ್ಲಿ ಬಿಡ್ರಿ, ಇರವಿ ತಿಂದ್ರ ಕಣ್ಣು ಛಲೋ ಆಗ್ತಾವ," ಎಂದು ತಾನೇ ಒಂದು ಉಂಡಿ ಎತ್ತಿದಳು. ಅದನ್ನೂ ಕಸಿದುಕೊಂಡೆ. ತಾಟಿನಲ್ಲಿದ್ದದ್ದನ್ನೆಲ್ಲ ಡಬ್ಬಿಗೆ ಸುರಿದು, ಮುಚ್ಚಳ ಬಡಿದು, ಅದರ ಮೇಲೇ ಕೂತುಬಿಟ್ಟೆ. ಆರತಿ ಮುಗಿಯುವವರೆಗೂ ಏಳಲಿಲ್ಲ. ಮಗಳು ನನ್ನ ಕಡೆ ಹೊರಳಿಯೂ ನೋಡಲಿಲ್ಲ.

ಊರಿಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಡಬ್ಬ್ಯಾಗ ಇರವಿ ಇದ್ವೇನು ಬೇ?"

"ಒಂದೂ ಇದ್ದಿಲ್ರಿ ಅತ್ತಿ," ಎಂದೆ. ಅಳು ತಡೆಯಲಾಗಲಿಲ್ಲ.

ಸಂತೋಷಕ್ಕೆ ಅಳುತ್ತಿದ್ದೇನೆಂದು ತಿಳಿದು ಅತ್ತೆ ನನ್ನ ಬೆನ್ನು ಸವರಿದರು. ಆಮೇಲೆ ಸಕ್ಕರೆ ಡಬ್ಬಿ ಎತ್ತಿಕೊಂಡು ಹಿತ್ತಿಲಿಗೆ ಹೋದರು.